ಖಾರದ ಊಟಕ್ಕೆ ಯಾವ ಬಿಯರ್? ನನ್ನ ಓಟು ಗೋಧಿಗೆ

ಘೀ ರೋಸ್ಟ್, ನಾಟಿ ಕೋಳಿ ಸಾರು, ಆಂಧ್ರ ಚಿಲ್ಲಿ ಚಿಕನ್. ಇಂಥ ಊಟದ ಪಕ್ಕ ಬಿಯರ್ ಇಡುವುದಾದರೆ ಗೋಧಿ ಬಿಯರ್ ಇಡಿ. ಅದು ಸಿಗದಿದ್ದರೆ ಆಲ್ಕೋಹಾಲ್ ಐದು ಪರ್ಸೆಂಟ್ ಒಳಗಿರುವ, ಕಿಂಗ್‌ಫಿಶರ್ ಪ್ರೀಮಿಯಂನಂಥ ಮಾಮೂಲಿ ಲಾಗರ್ ಸಾಕು. ಸ್ಟ್ರಾಂಗ್ ಬಿಯರ್ ಮತ್ತು ಕಹಿ ಜಾಸ್ತಿ ಇರುವ ಐಪಿಎ (ಇಂಡಿಯಾ ಪೇಲ್ ಏಲ್) ಎರಡನ್ನೂ ಬೇರೆ ದಿನಕ್ಕೆ ಎತ್ತಿಡಿ. ಇದು ನನ್ನ ತೀರ್ಪು. ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರೆ ಅಂತ ಹೇಳಲಾರೆ.

ನಾನು ಕೋಟೇಶ್ವರದವಳು. ನಮ್ಮನೆಯವರು ಮದ್ದೂರು ಕಡೆಯವರು. ಬೆಂಗಳೂರಿನ ನಮ್ಮ ಅಡುಗೆಮನೆಯಲ್ಲಿ ಒಂದು ಭಾನುವಾರ ಘೀ ರೋಸ್ಟ್, ನೀರ್ ದೋಸೆ ಆದರೆ ಇನ್ನೊಂದು ಭಾನುವಾರ ನಾಟಿ ಕೋಳಿ ಸಾರು, ಮುದ್ದೆ. ಎರಡೂ ಖಾರ. ಆದರೆ ಒಂದೇ ಥರದ ಖಾರ ಅಲ್ಲ. ನನ್ನ ತಮ್ಮ ಪಕ್ಕದ ಏರಿಯಾದಲ್ಲೇ ಇದ್ದಾನೆ, ಬರುವಾಗ ಬಿಯರ್ ತರುವುದು ಅವನ ಪಾಲಿನ ಕೆಲಸ. ಏನು ತರಬೇಕು ಅಂತ ಚೀಟಿ ಬರೆದು ಕಳಿಸುವುದು ನನ್ನ ಕೆಲಸ. ಹಾಗೆ ಒಂದೇ ಊಟಕ್ಕೆ ಬೇರೆ ಬೇರೆ ಬಿಯರ್ ಸುರಿದುಕೊಂಡು, ಒಂದು ತುತ್ತು, ಒಂದು ಗುಟುಕು ಅಂತ ನೋಡುತ್ತಾ ಬಂದಿದ್ದೇವೆ.

ಮೊದಲು ಒಂದು ನಂಬಿಕೆ ಬಗ್ಗೆ ಹೇಳಿಬಿಡುತ್ತೇನೆ. ಬಿಯರ್ ಖಾರವನ್ನು ತೊಳೆದುಕೊಂಡು ಹೋಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಲ್ಲ. ಮೆಣಸಿನಕಾಯಿಯ ಖಾರ ಅಂದರೆ ಕ್ಯಾಪ್ಸೈಸಿನ್. ಅದು ನೀರಿಗೆ ಕರಗುವುದಿಲ್ಲ. ಎಣ್ಣೆ, ತುಪ್ಪ, ಆಲ್ಕೋಹಾಲ್‌ಗೆ ಕರಗುತ್ತದೆ. ಹಾಗಾದರೆ ಬಿಯರ್‌ನಲ್ಲಿ ಆಲ್ಕೋಹಾಲ್ ಇದೆಯಲ್ವಾ ಅಂತ ಕೇಳಬಹುದು. ಇದೆ, ಆದರೆ ಬಾಟಲಿಯಲ್ಲಿ ತೊಂಬತ್ತು ಪರ್ಸೆಂಟ್‌ಗಿಂತ ಜಾಸ್ತಿ ನೀರೇ. ಅಷ್ಟು ಆಲ್ಕೋಹಾಲ್ ಖಾರ ಕರಗಿಸಲು ಸಾಲದು, ಉರಿ ಹೆಚ್ಚಿಸಲು ಮಾತ್ರ ಧಾರಾಳ ಸಾಕು.

ಅದು ಹೇಗೆ ಅಂದರೆ, ನಾಲಿಗೆ ಮೇಲೆ ಬಿಸಿಯನ್ನು ಗುರುತಿಸುವ ಒಂದು ಗ್ರಾಹಕ (ರಿಸೆಪ್ಟರ್) ಇದೆ, ಟಿಆರ್‌ಪಿವಿ1 ಅಂತ. ಸುಮಾರು 43 ಡಿಗ್ರಿ ದಾಟಿದ ಬಿಸಿ ತಾಗಿದರೆ ಅದು ಎಚ್ಚರವಾಗಿ ಮೆದುಳಿಗೆ 'ಸುಡ್ತಾ ಇದೆ' ಅನ್ನುತ್ತದೆ. ಕ್ಯಾಪ್ಸೈಸಿನ್ ತಾಗಿದರೂ ಅದೇ ಸುದ್ದಿ ಹೋಗುತ್ತದೆ. ಇದನ್ನು 1997ರಲ್ಲಿ ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಸಿಕ್ಕಿತು, ಆರ್ಡೆಮ್ ಪಟಪೂಟಿಯನ್ ಅವರ ಜೊತೆಯಲ್ಲಿ. ಆಲ್ಕೋಹಾಲ್ ಮಾಡುವ ಕೆಲಸ ಏನೆಂದರೆ ಈ ಗ್ರಾಹಕವನ್ನು ಇನ್ನಷ್ಟು ಸೂಕ್ಷ್ಮ ಮಾಡುವುದು. ಮೈಯ ಮಾಮೂಲಿ ಬಿಸಿಯೇ ಅದಕ್ಕೆ ಸುಡುವ ಬಿಸಿಯಾಗಿಬಿಡುತ್ತದೆ. ಈಗಾಗಲೇ ಮೆಣಸಿನಕಾಯಿ ತಿಂದು ಉರಿಯುತ್ತಿರುವ ಬಾಯಿಗೆ ಎಂಟು ಪರ್ಸೆಂಟ್ ಬಿಯರ್ ಸುರಿಯುವುದು ಒಲೆಗೆ ಊದುಕೊಳವೆ ಹಿಡಿದ ಹಾಗೆ.

ನಮ್ಮನೆಯವರು ಇದನ್ನು ಒಪ್ಪುವುದಿಲ್ಲ. "ಖಾರಕ್ಕೆ ಎದುರು ನಿಲ್ಲೋಂಥದ್ದು ಬೇಕು ಕಣೇ, ನೀನು ಕೊಡೋದು ಜ್ಯೂಸ್ ಇದ್ದಂಗಿದೆ" ಅನ್ನುತ್ತಾರೆ. ಅವರೊಬ್ಬರೇ ಅಲ್ಲ, ಇಡೀ ದೇಶದಲ್ಲೇ ಹೆಚ್ಚು ಮಾರಾಟವಾಗುವುದು ಸ್ಟ್ರಾಂಗ್ ಬಿಯರ್. ದುಡ್ಡಿಗೆ ತಕ್ಕ ಕಿಕ್ ಬೇಕು ಅನ್ನುವ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ನಾನು ಇಲ್ಲಿ ಹೇಳುತ್ತಿರುವುದು ಊಟದ ರುಚಿ ಬಗ್ಗೆ. ಸ್ಟ್ರಾಂಗ್ ಅಂತ ಬರೆದಿರುವ ಬಾಟಲಿಗಳಲ್ಲಿ ಸಾಮಾನ್ಯವಾಗಿ 6ರಿಂದ 8 ಪರ್ಸೆಂಟ್ ಇರುತ್ತದೆ. ಮೊದಲ ಗುಟುಕಿಗೆ ಸಿಹಿ, ನುಂಗಿದ ಮೇಲೆ ಗಂಟಲಲ್ಲಿ ಬೆಚ್ಚಗೆ ಉರಿ. ಆ ಉರಿ ಮಸಾಲೆಯ ಮೇಲೆ ಕೂತರೆ ಕೊತ್ತಂಬರಿ ಯಾವುದು, ಜೀರಿಗೆ ಯಾವುದು ಗೊತ್ತಾಗುವುದಿಲ್ಲ. ಬೆಳಿಗ್ಗೆಯಿಂದ ಹುರಿದು ರುಬ್ಬಿದ್ದು ಸುಮ್ನೆ ದಂಡ.

ಘೀ ರೋಸ್ಟ್ ವಿಷಯಕ್ಕೆ ಬರುತ್ತೇನೆ. ಇದು ನಮ್ಮ ಕುಂದಾಪುರದ್ದು, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಬ್ಯಾಡಗಿ ಮೆಣಸು ಹುರಿಯಬೇಕು. ಆಮೇಲೆ ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ನಾಲ್ಕು ಕಾಳು ಮೆಂತೆ. ಬೆಳ್ಳುಳ್ಳಿ, ಹುಣಸೆಹಣ್ಣು ಸೇರಿಸಿ ನುಣ್ಣಗೆ ರುಬ್ಬಿ, ಮೊಸರಲ್ಲಿ ನೆನೆದ ಕೋಳಿಯನ್ನು ತುಪ್ಪದಲ್ಲಿ ಬೇಯಿಸಿ, ಅದೇ ತುಪ್ಪದಲ್ಲಿ ಈ ಮಸಾಲೆಯನ್ನು ಬಾಡಿಸುತ್ತಾ ಹೋಗಬೇಕು. ಕೊನೆಗೆ ಚೂರು ಬೆಲ್ಲ. ಬ್ಯಾಡಗಿಯ ಗುಣ ಬಣ್ಣ, ಖಾರ ಅಷ್ಟೇನಿಲ್ಲ. ಕೆಂಪು ನೋಡಿ ಹೆದರುವವರು ಆರಾಮಾಗಿ ತಿನ್ನಬಹುದು. ಇಲ್ಲಿ ಬಿಯರ್ ಎದುರಿಸಬೇಕಾದದ್ದು ಖಾರಕ್ಕಿಂತ ತುಪ್ಪವನ್ನು. ಎರಡು ತುಂಡು ತಿನ್ನುವಷ್ಟರಲ್ಲಿ ಬಾಯೆಲ್ಲ ತುಪ್ಪ ಮೆತ್ತಿಕೊಂಡಿರುತ್ತದೆ.

ಇದಕ್ಕೆ ಹೋಗಾರ್ಡನ್ ಹಿಡಿದರೆ ಸರಿಯಾಗಿ ಕೂರುತ್ತದೆ. ಬೆಲ್ಜಿಯಂನ ಹೋಗಾರ್ಡನ್ ಅನ್ನುವ ಊರಿನ ಗೋಧಿ ಬಿಯರ್ ಇದು, 4.9 ಪರ್ಸೆಂಟ್. ಆ ಊರಿನಲ್ಲಿ ಈ ಥರದ ಬಿಯರ್ ಮಾಡುವುದೇ ನಿಂತುಹೋಗಿತ್ತು. ಪಿಯರ್ ಸೆಲಿಸ್ ಅನ್ನುವ ಹಾಲು ಮಾರುತ್ತಿದ್ದ ಮನುಷ್ಯ 1966ರಲ್ಲಿ ಅದನ್ನು ಮತ್ತೆ ಶುರು ಮಾಡಿದ. ಇದರಲ್ಲಿ ಹಾಕುವುದು ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆ. ನಾನು ಬಾಣಲೆಯಲ್ಲಿ ಹುರಿದ ಅದೇ ಕೊತ್ತಂಬರಿ ಬೀಜ! ಹುರಿದದ್ದು ತಟ್ಟೆಯಲ್ಲಿ, ಹಸಿಯದ್ದು ಗ್ಲಾಸಿನಲ್ಲಿ. ಒಂದು ತುತ್ತಾದ ಮೇಲೆ ಕುಡಿದರೆ ಮಸಾಲೆಯ ಪರಿಮಳ ಮತ್ತೆ ಎದ್ದು ಬರುತ್ತದೆ. ಕಿತ್ತಳೆ ಸಿಪ್ಪೆ ನಿಂಬೆಹಣ್ಣು ಹಿಂಡಿದ ಕೆಲಸ ಮಾಡುತ್ತದೆ. ಗ್ಯಾಸು, ತೆಳ್ಳನೆಯ ಹುಳಿ ಎರಡೂ ಸೇರಿ ತುಪ್ಪವನ್ನು ನಾಲಿಗೆಯಿಂದ ಎಬ್ಬಿಸಿಬಿಡುತ್ತವೆ. ಕಹಿ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ತಮ್ಮ ಒಂದು ಗುಟುಕು ಕುಡಿದು "ಲಾಯ್ಕಿತ್ತ್ ಅಕ್ಕ" ಅಂದ. ಊರ ಮಾತು ಅವನ ಬಾಯಲ್ಲಿ ಬರುವುದು ನಿಜವಾಗಿ ಖುಷಿಯಾದಾಗ ಮಾತ್ರ.

ಬೆಲೆ ಮಾತ್ರ ಕೈ ಕಚ್ಚುತ್ತದೆ. ನಮ್ಮ ಅಂಗಡಿಯಲ್ಲಿ ಹೋಗಾರ್ಡನ್‌ನ ಒಂದು ಪೈಂಟ್ ದುಡ್ಡಿಗೆ ಮಾಮೂಲಿ ಲಾಗರ್‌ನ ದೊಡ್ಡ ಬಾಟಲಿ ಹತ್ತಿರ ಹತ್ತಿರ ಬಂದುಬಿಡುತ್ತದೆ. ಹಾಗಾಗಿ ಮನೆ ತುಂಬ ನೆಂಟರಿದ್ದಾಗ ನಾನು ಇದನ್ನು ತರಿಸುವುದಿಲ್ಲ. ಬೀರಾ 91 ವೈಟ್ ಸಿಕ್ಕಿದರೆ ಅದೂ ಗೋಧಿ ಬಿಯರೇ, ಅದೇ ದಾರಿಯದು. ಹೋಗಾರ್ಡನ್‌ನಷ್ಟು ಪರಿಮಳ ನನಗೆ ಅದರಲ್ಲಿ ಸಿಗಲಿಲ್ಲ, ಆದರೆ ಕಹಿ ಕಮ್ಮಿ, ಖಾರದ ಜೊತೆ ಜಗಳ ಇಲ್ಲ.

ಗೋಧಿ ಬಿಯರ್‌ನಲ್ಲಿ ಇನ್ನೊಂದು ಮನೆತನ ಇದೆ, ಜರ್ಮನಿಯ ಬವೇರಿಯಾದ್ದು. ಹೆಫೆವೈಜನ್ ಅಂತಾರೆ. ಇದರಲ್ಲಿ ಮಸಾಲೆ ಪದಾರ್ಥ ಏನೂ ಹಾಕುವುದಿಲ್ಲ. ಆದರೂ ಮೂಗಿನ ಹತ್ತಿರ ಹಿಡಿದರೆ ಬಾಳೆಹಣ್ಣು ಮತ್ತು ಲವಂಗದ ವಾಸನೆ. ಎರಡೂ ಯೀಸ್ಟ್ ಮಾಡುವ ಕೆಲಸ. ಬಾಳೆಹಣ್ಣಿನ ವಾಸನೆ ಐಸೊಅಮೈಲ್ ಅಸಿಟೇಟ್ ಅನ್ನುವ ವಸ್ತುವಿನದು, ಮಾಗಿದ ಬಾಳೆಹಣ್ಣಲ್ಲೂ ಅದೇ ಇರುವುದು. ಲವಂಗದ ವಾಸನೆ ಕೊಡುವ ವಸ್ತು ನಿಜವಾದ ಲವಂಗದಲ್ಲಿರುವ ಯೂಜಿನಾಲ್‌ಗೆ ಹತ್ತಿರದ ಸಂಬಂಧಿ. ಈಗ ಯೋಚನೆ ಮಾಡಿ, ದೊನ್ನೆ ಬಿರಿಯಾನಿಗೆ ಚಕ್ಕೆ ಲವಂಗ ಹಾಕದೆ ಆಗುತ್ತದೆಯೇ? ನಮ್ಮ ಬೆಂಗಳೂರಿನ ದೊನ್ನೆ ಬಿರಿಯಾನಿ, ಪುದೀನ, ಹಸಿಮೆಣಸಿನಕಾಯಿ, ಸಣ್ಣ ಅಕ್ಕಿ, ಅದರ ಪಕ್ಕ ತಣ್ಣಗಿನ ಹೆಫೆವೈಜನ್. ಇದಕ್ಕಿಂತ ಒಳ್ಳೆ ಜೋಡಿ ನಾನು ಇನ್ನೂ ಕುಡಿದಿಲ್ಲ, ತಿಂದಿಲ್ಲ. ಮಿಲಿಟರಿ ಹೋಟೆಲ್‌ನಲ್ಲಿ ಬಿಯರ್ ಸಿಗುವುದಿಲ್ಲ, ತಾವೇ ಬಿಯರ್ ಮಾಡಿ ಮಾರುವ ಬ್ರೂ ಪಬ್‌ನಲ್ಲಿ ದೊನ್ನೆ ಬಿರಿಯಾನಿ ಸಿಗುವುದು ಅಪರೂಪ. ಹಾಗಾಗಿ ಬಿರಿಯಾನಿ ಪಾರ್ಸೆಲ್ ತಂದು ಮನೆಯಲ್ಲಿ ಮಾಡಿಕೊಳ್ಳಬೇಕಾದ ಏರ್ಪಾಡು ಇದು.

ಹೆಫೆವೈಜನ್ ಅಂದರೆ ಏನು ಅಂತ ಮೊದಲು ರುಚಿ ನೋಡಬೇಕಿದ್ದರೆ ಇಂದಿರಾನಗರದ ಟಾಯ್ಟ್ ಅನ್ನುವ ಬ್ರೂ ಪಬ್‌ಗೆ ಹೋಗಿ. 2010ರಲ್ಲಿ ಶುರುವಾದದ್ದು, 100 ಅಡಿ ರಸ್ತೆಯಲ್ಲಿದೆ. ಅಲ್ಲಿಯ ವೈಸ್ ಈ ಜರ್ಮನ್ ದಾರಿಯದು, ಟಿನ್‌ಟಿನ್ ಬೆಲ್ಜಿಯಂ ದಾರಿಯದು. ಎರಡನ್ನೂ ಚಿಕ್ಕ ಗ್ಲಾಸಲ್ಲಿ ತರಿಸಿ, ಜೊತೆಗೆ ಖಾರದ್ದೇನಾದರೂ ಹೇಳಿ, ಅಕ್ಕಪಕ್ಕ ಇಟ್ಟು ಕುಡಿಯಿರಿ. ಒಂದೇ ಗೋಧಿ ಎಷ್ಟು ಬೇರೆ ಆಗಬಲ್ಲದು ಅಂತ ಅಲ್ಲೇ ಗೊತ್ತಾಗುತ್ತದೆ. ಬಾಸ್ಮತಿ ಬ್ಲಾಂಡ್ ಅಂತ ಅಕ್ಕಿ ಹಾಕಿದ್ದೂ ಅಲ್ಲಿದೆ. ಹಗುರ, ಒಣ, ಕುರುಕಲು ಕರಿದದ್ದಕ್ಕೆ ಚೆನ್ನ. ನನ್ನ ಮಟ್ಟಿಗೆ ಖಾರಕ್ಕೆ ವೈಸೇ ಮುಂದೆ, ಯಾಕಂದ್ರೆ ಅದರಲ್ಲಿ ಸಣ್ಣ ಸಿಹಿ ಉಳಿದಿರುತ್ತದೆ. ಉರಿಯುವ ನಾಲಿಗೆಗೆ ಸಿಹಿ ಸಮಾಧಾನ ಕೊಡುತ್ತದೆ, ಮೆಣಸಿನಕಾಯಿ ಕಚ್ಚಿದ ಮಗುವಿಗೆ ಸಕ್ಕರೆ ಕೊಡುತ್ತೇವಲ್ವಾ.

ಗೋಧಿ ಬಿಯರ್ ಕುಡಿಯುವಾಗ ಎರಡು ವಿಷಯ ನೆನಪಿಡಿ. ಬಾಟಲಿಯ ತಳದಲ್ಲಿ ಯೀಸ್ಟ್ ಕೂತಿರುತ್ತದೆ. ಮುಕ್ಕಾಲು ಪಾಲು ಗ್ಲಾಸಿಗೆ ಬಗ್ಗಿಸಿ, ಉಳಿದದ್ದನ್ನು ಮೆಲ್ಲಗೆ ತಿರುಗಿಸಿ ಆಮೇಲೆ ಸುರಿಯಿರಿ. ಮೋಡದ ಬಣ್ಣ ಬರಬೇಕು, ರುಚಿ ಅದರಲ್ಲೇ ಇರುವುದು. ಇನ್ನೊಂದು, ಐಸ್‌ನಷ್ಟು ತಣ್ಣಗೆ ಕುಡಿಯಬೇಡಿ. ನಮ್ಮ ಬಾರ್‌ಗಳಲ್ಲಿ ಚಿಲ್ಡ್ ಅಂದರೆ ಬಾಟಲಿ ಮೇಲೆ ಮಂಜು ಕಟ್ಟಿರಬೇಕು ಅನ್ನುವ ಹಟ ಇದೆ. ಅಷ್ಟು ತಣ್ಣಗಾದರೆ ಬಾಳೆಹಣ್ಣೂ ಇಲ್ಲ, ಲವಂಗವೂ ಇಲ್ಲ, ಬರೀ ತಂಪು. ಫ್ರಿಜ್‌ನಿಂದ ತೆಗೆದು, ನೀರ್ ದೋಸೆ ಎರಡು ಹುಯ್ಯುವಷ್ಟು ಹೊತ್ತು ಹೊರಗಿಟ್ಟರೆ ಸರಿಹೋಗುತ್ತದೆ.

ಲಾಗರ್‌ಗೆ ಈ ನಿಯಮ ಇಲ್ಲ. ಅದು ತಣ್ಣಗೇ ಇರಬೇಕು. ಕಿಂಗ್‌ಫಿಶರ್ ಪ್ರೀಮಿಯಂ 4.8 ಪರ್ಸೆಂಟ್, ಬಡ್‌ವೈಸರ್ 5. ಬಡ್‌ವೈಸರ್‌ನಲ್ಲಿ ಬಾರ್ಲಿ ಜೊತೆ ಅಕ್ಕಿಯೂ ಇರುವುದರಿಂದ ಮೈ ಹಗುರ. ಇವುಗಳಿಗೆ ತಮ್ಮದೇ ಅಂತ ದೊಡ್ಡ ಪರಿಮಳ ಇಲ್ಲ, ಊಟದ ದಾರಿಗೆ ಅಡ್ಡ ಬರುವುದೂ ಇಲ್ಲ. ಅದೂ ಒಂದು ಗುಣವೇ. ಆಂಧ್ರ ಊಟದ ಹೋಟೆಲ್‌ನ ಚಿಲ್ಲಿ ಚಿಕನ್ ನೋಡಿ, ಹಸಿರು ಬಣ್ಣದ್ದು, ಹಸಿಮೆಣಸಿನಕಾಯಿಯನ್ನೇ ರುಬ್ಬಿ ಮೆತ್ತಿದ್ದು. ಅದರ ಖಾರ ನೆತ್ತಿಗೆ ಏರುತ್ತದೆ, ಕಣ್ಣಲ್ಲಿ ನೀರು. ಆ ಹೊತ್ತಿಗೆ ನನಗೆ ಕೊತ್ತಂಬರಿ, ಲವಂಗದ ಪರಿಮಳ ಬೇಕಾಗುವುದಿಲ್ಲ. ತಣ್ಣಗಿನ, ಹಗುರವಾದ, ಕಹಿ ಕಮ್ಮಿ ಇರುವ ಪ್ರೀಮಿಯಂ ಸಾಕು. ತಂಪು ತಾಗಿದ ಆ ಕ್ಷಣ ಉರಿ ನಿಲ್ಲುತ್ತದೆ. ಆಮೇಲೆ ಮತ್ತೆ ಬರುತ್ತದೆ, ಅದು ಬೇರೆ ವಿಷಯ. ಆದರೆ ಗ್ಲಾಸಿಗೆ ಸ್ವಲ್ಪ ಎತ್ತರದಿಂದ ಸುರಿದು ನೊರೆ ಬರಿಸಿ, ಒಂದಿಷ್ಟು ಗ್ಯಾಸ್ ಹೋಗಲಿ. ಗ್ಯಾಸ್ ನಾಲಿಗೆ ಮೇಲೆ ಚುಚ್ಚುತ್ತದೆ. ಉರಿಯುತ್ತಿರುವ ನಾಲಿಗೆಗೆ ಆ ಚುಚ್ಚು ಕೂಡ ನೋವೇ. ಬಾಟಲಿಗೇ ಬಾಯಿ ಇಟ್ಟು ಕುಡಿಯುವವರಿಗೆ ಉರಿ ಜಾಸ್ತಿ ಅನ್ನಿಸುವುದು ಅದಕ್ಕೇ.

ಐಪಿಎ ಬಗ್ಗೆ ತಮ್ಮನಿಗೂ ನನಗೂ ತಕರಾರು. ಅವನಿಗೆ ಐಪಿಎ ಅಂದರೆ ಪ್ರಾಣ. "ಅಕ್ಕ, ಅದರಲ್ಲಿ ನಿಂಬೆ, ಮಾವಿನಹಣ್ಣಿನ ಪರಿಮಳ ಇದೆ, ಖಾರಕ್ಕೆ ಯಾಕಾಗಲ್ಲ?" ಅಂತ ಕೇಳುತ್ತಾನೆ. ಪರಿಮಳ ಇದೆ, ಒಪ್ಪುತ್ತೇನೆ. ಕಹಿಯೂ ಇದೆ. ಬಿಯರ್‌ನ ಕಹಿಯನ್ನು ಐಬಿಯು ಅಂತ ಅಳೆಯುತ್ತಾರೆ. ಹೆಫೆವೈಜನ್‌ಗೆ ಅದು 8ರಿಂದ 15, ಅಮೆರಿಕನ್ ಐಪಿಎಗೆ 40ರಿಂದ 70. ಖಾರ ತಿಂದ ನಾಲಿಗೆಗೆ ಆ ಕಹಿ ಇನ್ನೂ ಒರಟಾಗಿ ತಾಗುತ್ತದೆ, ಮೆಂತೆ ಜಾಸ್ತಿ ಹುರಿದ ಸಾರಿನ ಕಹಿ ನಿಂತಂತೆ ಗಂಟಲಲ್ಲೇ ನಿಲ್ಲುತ್ತದೆ. ಮೇಲಾಗಿ ಐಪಿಎಗಳಲ್ಲಿ ಆಲ್ಕೋಹಾಲ್ ಕೂಡ ಹೆಚ್ಚೇ. ಖಾರ ಕಮ್ಮಿ ಇರುವ, ಎಣ್ಣೆ ಜಾಸ್ತಿ ಇರುವ ಮೀನು ಫ್ರೈಗೆ ಅದನ್ನು ಕುಡಿ ಅಂದಿದ್ದೇನೆ. ರವೆ ಹಚ್ಚಿ ಕರಿದ ಬಂಗುಡೆಗೆ ಐಪಿಎ ನಿಜಕ್ಕೂ ಚೆನ್ನಾಗಿದೆ.

ನಾಟಿ ಕೋಳಿ ಸಾರು, ಮುದ್ದೆಗೆ ಯಾವ ಬಿಯರ್ ಅಂತ ಇವರು ಕೇಳಿದಾಗಲೆಲ್ಲ ನನ್ನ ಉತ್ತರ ಒಂದೇ: ಮುದ್ದೆ ಜೊತೆ ಬಿಯರ್ ಬೇಡ. ಸಾರು ಬಿಸಿ, ಮುದ್ದೆ ಬಿಸಿ, ಖಾರವೂ ಸೇರಿ ಗಂಟಲಿಗೆ ನೇರ ಇಳಿಯುತ್ತದೆ. ಬಿಸಿ ಮತ್ತು ಖಾರ ಎರಡೂ ಒಂದೇ ಬಾಗಿಲು ತಟ್ಟುವುದರಿಂದ ತಣ್ಣಗಿನ ಸಾರಿಗಿಂತ ಬಿಸಿ ಸಾರು ಖಾರ ಅನ್ನಿಸುತ್ತದೆ. ಮುದ್ದೆ ಅಗಿಯುವ ಪದಾರ್ಥ ಅಲ್ಲ, ಸಾರಲ್ಲಿ ಅದ್ದಿ ನುಂಗಬೇಕು. ಮಧ್ಯೆ ಬಿಯರ್ ಹೋದರೆ ಹೊಟ್ಟೆ ಉಬ್ಬರಿಸುತ್ತದೆ, ಮೂರನೇ ತುತ್ತಿಗೇ ಸಾಕಾಗುತ್ತದೆ. ಮದ್ದೂರಿನ ಅತ್ತೆ ಮನೆಯಲ್ಲಿ ಸಾರು ಕುದಿಯುವಾಗಲೇ ಒಂದಿಷ್ಟು ತುಂಡು ಎತ್ತಿ ಕಾಳುಮೆಣಸು, ಈರುಳ್ಳಿ ಹಾಕಿ ಫ್ರೈ ಮಾಡುತ್ತಾರೆ. ಬಿಯರ್ ಬೇಕಿದ್ದವರು ಅದಕ್ಕೇ ಕುಡಿಯುವುದು ಸರಿ. ಮುದ್ದೆ ಇಳಿಸುವ ಹೊತ್ತಿಗೆ ಗ್ಲಾಸ್ ಎತ್ತಿಟ್ಟು ಮಜ್ಜಿಗೆ ತನ್ನಿ. ಹಾಲು, ಮಜ್ಜಿಗೆಯಲ್ಲಿರುವ ಕೇಸಿನ್ ಅನ್ನುವ ಪ್ರೋಟೀನ್ ಕ್ಯಾಪ್ಸೈಸಿನ್ ಅನ್ನು ಹಿಡಿದು ಎಳೆದುಕೊಂಡು ಹೋಗುತ್ತದೆ. ಈ ಕೆಲಸ ಯಾವ ಬಿಯರ್‌ಗೂ ಬರುವುದಿಲ್ಲ.

ಕೊಡಗಿನ ಪಂದಿ ಕರಿಗೆ ಮಾತ್ರ ನನ್ನ ಗೋಧಿ ನಿಯಮ ಬದಲಾಗುತ್ತದೆ. ಹುರಿದು ಕಪ್ಪಾದ ಮಸಾಲೆ, ಕಾಳುಮೆಣಸು, ಕಾಚಂಪುಳಿಯ ಗಾಢ ಹುಳಿ, ಹಂದಿಯ ಕೊಬ್ಬು. ಇದಕ್ಕೆ ಗೋಧಿ ಬಿಯರ್ ತೆಳುವಾಗುತ್ತದೆ. ಬ್ರೂ ಪಬ್‌ನಲ್ಲಿ ಡುಂಕೆಲ್ ಸಿಕ್ಕಿದರೆ ಅದನ್ನು ತಗೊಳ್ಳಿ. ಜರ್ಮನಿಯ ಕಂದು ಲಾಗರ್, ಸುಟ್ಟ ಬ್ರೆಡ್ಡಿನ ತುದಿಯ ರುಚಿ, ಹಿಂದೆ ಸಣ್ಣ ಸಿಹಿ. ಆಲ್ಕೋಹಾಲ್ ಸುಮಾರು ಐದೇ. ಸ್ಟೌಟ್ ಕೂಡ ಕಪ್ಪೇ ಅಲ್ವಾ ಅಂದರೆ, ಅದರ ಕಾಫಿಯಂಥ ಕಹಿ ಕಾಳುಮೆಣಸಿನ ಖಾರದ ಮೇಲೆ ಭಾರವಾಗುತ್ತದೆ. ಕಡುಬು ಜೊತೆಗಿದ್ದರೆ ಡುಂಕೆಲ್ ಇನ್ನೂ ಚೆನ್ನ.

ಮಾಂಸ ತಿನ್ನದವರಿಗೆ ಹೇಳುವುದಾದರೆ, ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಗೆ ಹೋಗಾರ್ಡನ್ ದಾರಿಯದು. ಮಿರ್ಚಿ ಭಜಿಗೆ ಲಾಗರ್. ಕರಿದ ಕಡಲೆಹಿಟ್ಟಿಗೆ ಅದರಷ್ಟು ಒಪ್ಪುವುದು ಬೇರೆ ಇಲ್ಲ.

ನಾದಿನಿ ಕಾರು ಓಡಿಸಿಕೊಂಡು ಬರುವ ದಿನ ಅವಳಿಗೆ ಹೈನೆಕೆನ್ 0.0 ತರಿಸುತ್ತೇನೆ. ಆಲ್ಕೋಹಾಲ್ ತೆಗೆದ ಬಿಯರ್. ಇದನ್ನು ಬರೀ ಹೊಟ್ಟೆಗೆ ಕುಡಿದರೆ ಏನೋ ಕೊರತೆ ಅನ್ನಿಸುತ್ತದೆ, ನಿಜ. ಆದರೆ ಗುಂಟೂರು ಮೆಣಸಿನಕಾಯಿ ಹಾಕಿದ ಕೋಳಿ ಹುರಿದ ದಿನ, ಮೇಜಿನ ಮೇಲಿದ್ದ ಎಲ್ಲ ಬಾಟಲಿಗಳ ನಡುವೆ ಬಾಯಿಗೆ ಹೆಚ್ಚು ಆರಾಮ ಕೊಟ್ಟಿದ್ದು ಅದೇ. ತಂಪು ಇದೆ, ಮಾಲ್ಟ್‌ನ ಸಿಹಿ ಉಳಿದಿದೆ, ಗಂಟಲು ಸುಡುವ ಆಲ್ಕೋಹಾಲ್ ಇಲ್ಲ. ಗುಂಟೂರು ಖಾರ ಬ್ಯಾಡಗಿಯಂತೆ ಬಣ್ಣಕ್ಕೆ ನಿಲ್ಲುವುದಿಲ್ಲ, ಅಂಥ ದಿನ ಈ ಬಾಟಲಿ ಕೈಗೆಟುಕುವಲ್ಲಿ ಇರಲಿ. "ಅತ್ತಿಗೆ, ನಂಗೇ ಒಳ್ಳೇದು ಸಿಕ್ತು ನೋಡಿ" ಅಂದಳು ಅವಳು. ಪಕ್ಕದಲ್ಲಿ ಅವಳ ಅಣ್ಣ ಸ್ಟ್ರಾಂಗ್ ಕುಡಿದು ಹಣೆ ಒರೆಸಿಕೊಳ್ಳುತ್ತಿದ್ದರು.

ಊರಿಂದೂರಿಗೆ ಹೋಗುವಾಗ ಹೈವೇ ಬದಿಯ ಬಾರ್ ಅಂಡ್ ರೆಸ್ಟೋರೆಂಟ್‌ನಲ್ಲಿ ಗೋಧಿ ಬಿಯರ್ ಕೇಳಿದರೆ ಹೆಚ್ಚಿನ ಕಡೆ ಇಲ್ಲ ಅನ್ನುತ್ತಾರೆ. ಅಲ್ಲಿ ಸುಮ್ನೆ ಬಿಯರ್ ಅಂದರೆ ಸ್ಟ್ರಾಂಗೇ ಬರುತ್ತದೆ, ಅದಕ್ಕೇ ಪ್ರೀಮಿಯಂ ಅಂತ ಒತ್ತಿ ಹೇಳಬೇಕು. ಗಾಡಿ ಓಡಿಸುವವರಿಗೆ ಅದೂ ಬೇಡ. ಗ್ಲಾಸ್ ತರಿಸಿ. ಪೆಪ್ಪರ್ ಚಿಕನ್ ಹೇಳುವಾಗಲೇ ಒಂದು ಪ್ಲೇಟ್ ಸೌತೆಕಾಯಿ, ಒಂದು ಕಪ್ ಮೊಸರು ಕೂಡ ಹೇಳಿಬಿಡಿ. ಮೊಸರು ಕೇಳಿದರೆ ವೇಟರ್ ಒಮ್ಮೆ ಮುಖ ನೋಡುತ್ತಾರೆ, ಆದರೆ ತಂದುಕೊಡುತ್ತಾರೆ.